ಏಳು ಲೀಟರಿನ ತೋಟ

2024ರ ಮಾರ್ಚ್ ತಿಂಗಳ ಒಂದು ರಾತ್ರಿ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ಬಂತು. ಇನ್ನು ಮುಂದೆ ದಿನಕ್ಕೆ ಎರಡೇ ಹೊತ್ತು ನೀರು. ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದು ಗಂಟೆ. ಕಾರು ತೊಳೆಯುವಂತಿಲ್ಲ. ಗಿಡಗಳಿಗೆ ಕುಡಿಯುವ ನೀರು ಹಾಕುವಂತಿಲ್ಲ. ಜಲಮಂಡಳಿಯ ಆದೇಶ, ಸಿಕ್ಕಿಬಿದ್ದರೆ 5,000 ರೂಪಾಯಿ ದಂಡ, ಮತ್ತೆ ಅದೇ ತಪ್ಪು ಮಾಡಿದರೆ ದಿನಕ್ಕೆ 500 ರೂಪಾಯಿ ಎಕ್ಸ್‌ಟ್ರಾ. ಕೆಳಗೆ ಯಾರೋ ಅಳುವ ಇಮೋಜಿ ಹಾಕಿದ್ದರು. ಇನ್ಯಾರೋ, "ಯಾರ ಬಾಲ್ಕನಿಯಿಂದಾದ್ರೂ ನೀರು ಸೋರಿದ್ರೆ ಫೋಟೋ ತೆಗೆದು ಇಲ್ಲಿ ಹಾಕಿ" ಅಂತ ಬರೆದಿದ್ದರು.

ನಾನು ಫೋನ್ ಕೆಳಗಿಟ್ಟು ಬಾಲ್ಕನಿಗೆ ಹೋಗಿ ನಿಂತೆ. ನಾಲ್ಕನೇ ಮಹಡಿ, ಒಂಬತ್ತು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ, ಪಶ್ಚಿಮಕ್ಕೆ ಮುಖ. ಅದರಲ್ಲಿ 32 ಕುಂಡಗಳಿದ್ದವು.

ಈ 32 ಕುಂಡಗಳ ಬಗ್ಗೆ ಸ್ವಲ್ಪ ಹೇಳಬೇಕು. ಲಾಕ್‌ಡೌನ್ ಟೈಮಲ್ಲಿ ಒಂದು ಮನಿ ಪ್ಲಾಂಟಿನಿಂದ ಶುರುವಾದದ್ದು. ಆಮೇಲೆ ಆರು ಗುಲಾಬಿ, ಮೂರು ಫರ್ನ್, ಎರಡು ಪೀಸ್ ಲಿಲಿ, ಪೆಟೂನಿಯಾ, ಲಾಲ್‌ಬಾಗ್ ಫ್ಲವರ್ ಶೋಗೆ ಹೋದಾಗಲೆಲ್ಲ ಒಂದೊಂದು ಚೀಲ. ಒಂದು ಹೈಡ್ರೇಂಜಿಯ ಕೂಡ ಇತ್ತು. ಹೆಸರಿನಲ್ಲೇ 'ಹೈಡ್ರೊ' ಇಟ್ಟುಕೊಂಡಿರುವ ಗಿಡವನ್ನ ಪಶ್ಚಿಮದ ಬಿಸಿಲಿಗೆ ತಂದಿಟ್ಟ ಪುಣ್ಯಾತ್ಗಿತ್ತಿ ನಾನು. ಬೇಸಿಗೆಯಲ್ಲಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಪೈಪ್ ಹಿಡಿದು ನಿಂತರೆ ಆಫೀಸಿನ ತಲೆನೋವೆಲ್ಲ ಇಳಿದುಹೋಗುತ್ತಿತ್ತು. ಎಷ್ಟು ನೀರು ಹೋಗ್ತಿದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಹಾಗಂತ ನಾನೇನು ನೀರಿನ ಊರಿನವಳಲ್ಲ. ನಮ್ಮದು ಚಿತ್ರದುರ್ಗ ಜಿಲ್ಲೆ, ಹೊಳಲ್ಕೆರೆ ತಾಲ್ಲೂಕು. ನೀರಿನ ಬೆಲೆ ನಿನಗೆ ಗೊತ್ತಿರಬೇಕಲ್ವಾ ಅಂತ ಆಫೀಸಲ್ಲಿ ಕೇಳ್ತಾರೆ. ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಇರಬೇಕು, ನಲ್ಲಿ ತಿರುಗಿಸಿದ ತಕ್ಷಣ ನೀರು ಬರುವ ಊರಿಗೆ ಬಂದಮೇಲೆ ಅದನ್ನ ಮರೆಯುವ ಸುಖ ನನಗೆ ಬೇಕಾಗಿತ್ತು.

ಮೊದಲ ವಾರ ನಾನು ಮಾಡಿದ್ದು ಕಳ್ಳತನ. ರಾತ್ರಿ ಹನ್ನೊಂದರ ಮೇಲೆ ಲೈಟ್ ಆರಿಸಿ, ಸಂಜೆ ಹಿಡಿದಿಟ್ಟ ಬಕೆಟ್ಟಿನಿಂದ ಚೊಂಬಲ್ಲಿ ಗಿಡಕ್ಕೆ ನೀರು ಹಾಕ್ತಿದ್ದೆ. ಒಂದು ಹನಿ ಕೆಳಗೆ ಬೀಳಬಾರದು ಅಂತ ಪ್ರತಿ ಕುಂಡದ ಕೆಳಗೂ ತಟ್ಟೆ. ಅದೇ ವಾರ ಪೇಪರಿನಲ್ಲಿ, ನಗರದ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಅಂತ ಮುಖ್ಯಮಂತ್ರಿಗಳೇ ಹೇಳಿದ್ದು ಬಂದಿತ್ತು. ಹಿಂದಿನ ವರ್ಷದ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿತ್ತು. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ ತಮ್ಮ ಬೀದಿಯಲ್ಲಿ ಒಂದು ಬಿಂದಿಗೆಗೆ ಎಷ್ಟು ಹೊತ್ತು ನಿಲ್ಲಬೇಕು ಅಂತ ಹೇಳ್ತಾ ಪಾತ್ರೆ ತೊಳೀತಿದ್ದರು. ನಾನು ಕೇಳಿಸಿಕೊಳ್ತಾ, ಹಿಂದಿನ ರಾತ್ರಿ ಹೈಡ್ರೇಂಜಿಯಕ್ಕೆ ಎರಡು ಚೊಂಬು ಹಾಕಿದ್ದನ್ನ ನೆನೆಸಿಕೊಳ್ತಿದ್ದೆ.

ಆಮೇಲೆ ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿ ನೀರು ನೆನಪಾಯ್ತು. ದಂಡ ಇದ್ದದ್ದು ಕುಡಿಯುವ ನೀರಿಗೆ, ಶುದ್ಧೀಕರಿಸಿದ ಕೊಳಚೆ ನೀರಿಗಲ್ಲ. ಎರಡು ಕ್ಯಾನ್ ಹಿಡಿದು ಲಿಫ್ಟಿನಲ್ಲಿ ಓಡಾಡಿದೆ. ಹತ್ತು ದಿನಕ್ಕೆ ಅದೂ ನಿಂತಿತು. ಮನೆಗಳಲ್ಲಿ ನೀರು ಕಡಿಮೆ ಬಳಸಿದರೆ ಎಸ್‌ಟಿಪಿಗೆ ಹೋಗುವ ನೀರೂ ಕಡಿಮೆಯಾಗುತ್ತೆ ಅನ್ನೋ ಸರಳ ಲೆಕ್ಕ ನನಗೆ ಹೊಳೆದಿರಲಿಲ್ಲ. ಇದ್ದ ಅಷ್ಟಿಷ್ಟನ್ನ ಟಾಯ್ಲೆಟ್ ಫ್ಲಶ್‌ಗೆ ಮೀಸಲಿಟ್ಟರು.

ಯುಗಾದಿ ಏಪ್ರಿಲ್ 9ಕ್ಕೆ ಇತ್ತು. ಹಬ್ಬ ಮುಗಿಸಿ ಅಪ್ಪ ಕಣ್ಣಿನ ಪೊರೆ ಆಪರೇಷನ್ನಿಗೆ ಬೆಂಗಳೂರಿಗೆ ಬಂದರು. 26ರ ಓಟಿಗೆ ಊರಲ್ಲಿ ಇರಲೇಬೇಕು ಅನ್ನೋ ಷರತ್ತಿನ ಮೇಲೆ.

ಈಗ ಅಪ್ಪನ ಅಡಿಕೆ ತೋಟದ ಕತೆ ಹೇಳದೆ ಮುಂದೆ ಹೋಗೋಕಾಗಲ್ಲ. ಎರಡು ಎಕರೆ, ಸಾವಿರದಷ್ಟು ಮರ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಹಾಕಿದ ಸಸಿಗಳು. ನನ್ನ ಹೈಸ್ಕೂಲು, ಪಿಯುಸಿ, ಇಂಜಿನಿಯರಿಂಗ್ ಎಲ್ಲದರ ಫೀಸನ್ನೂ ಕಟ್ಟಿದ್ದು ಆ ಮರಗಳೇ. 2016ರಲ್ಲಿ ಮಳೆ ಹೋಯ್ತು. ಎರಡು ಬೋರ್ ಒಂದರ ಹಿಂದೆ ಒಂದು ನಿಂತವು. ಮೂರನೆಯದು 700 ಅಡಿ ಕೊರೆಸಿದಾಗ ಬಂದದ್ದು ಬಿಳಿ ಧೂಳು. ಅಪ್ಪ ಟ್ಯಾಂಕರ್ ತರಿಸಿದರು. ನಮ್ಮ ಕಡೆ ಆ ವರ್ಷ ಎಷ್ಟೋ ಜನ ಅಡಿಕೆಗೆ ಟ್ಯಾಂಕರ್ ನೀರು ಹಾಕಿದ್ದರು. ಅಮ್ಮನ ಬಳೆ ಅಡವಿಗೆ ಹೋಯ್ತು, ಸೊಸೈಟಿ ಸಾಲ ಆಯ್ತು, ಕೈಸಾಲ ಆಯ್ತು. 2017ರ ಮೇ ತಿಂಗಳಿಗೆ ಒಂದೊಂದೇ ಮರದ ಸುಳಿ ಒಣಗಿ ಕಳಚಿಬಿತ್ತು. ಅಡಿಕೆ ಮರದ ಸುಳಿ ಹೋದರೆ ಆ ಮರ ಹೋದ ಹಾಗೆ. ತಲೆಯಿಲ್ಲದ ಸಾವಿರ ಕಂಬಗಳು ನಿಂತಿದ್ದ ಆ ತೋಟವನ್ನ ನಾನು ನೋಡಿದ್ದೇನೆ.

ಆಗ ನನಗೆ ಕೆಲಸ ಸಿಕ್ಕಿ ಒಂದು ವರ್ಷ. ಸಂಬಳದಲ್ಲಿ ಮುಕ್ಕಾಲು ಭಾಗ ಆ ಸಾಲಕ್ಕೆ ಹೋಗುತ್ತಿತ್ತು. ಒಂದು ದಿನ ಫೋನಿನಲ್ಲಿ ಅಪ್ಪನಿಗೆ ಹೇಳಿದೆ: "ಇದ್ದ ನೀರನ್ನ ಅರ್ಧ ತೋಟಕ್ಕೆ ಮಾತ್ರ ಹಾಕಿದ್ರೆ ಅರ್ಧವಾದ್ರೂ ಉಳೀತಿತ್ತಲ್ಲಪ್ಪಾ. ಅಷ್ಟೂ ಗೊತ್ತಾಗ್ಲಿಲ್ವಾ?"

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ಅರ್ಧ?" ಅಂದರು. ಆಮೇಲೆ ಫೋನನ್ನ ಅಮ್ಮನಿಗೆ ಕೊಟ್ಟರು.

ನಾನು ಅದನ್ನ ಉತ್ತರ ತಪ್ಪಿಸಿಕೊಳ್ಳುವ ಮಾತು ಅಂದುಕೊಂಡಿದ್ದೆ. ಆಮೇಲೆ ಏಳು ವರ್ಷ ನಾವಿಬ್ಬರೂ ಆ ವಿಷಯ ಎತ್ತಿರಲಿಲ್ಲ. ಸಾಲ ತೀರಿತು. ಆ ಜಾಗದಲ್ಲಿ ಈಗ ಅಪ್ಪ ರಾಗಿ ಬಿತ್ತುತ್ತಾರೆ, ಅಕ್ಕಡಿ ಸಾಲಿನಲ್ಲಿ ತೊಗರಿ, ಅವರೆ ಹಾಕುತ್ತಾರೆ.

ಆಪರೇಷನ್ ಆದಮೇಲೆ ಬಗ್ಗಬಾರದು, ಭಾರ ಎತ್ತಬಾರದು, ಕಣ್ಣಿಗೆ ಧೂಳು ತಾಕಬಾರದು ಅಂತ ಡಾಕ್ಟರ್ ಹೇಳಿದ್ದರು. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಬಾಲ್ಕನಿ ಬಾಗಿಲ ಒಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಿದ್ದರು. ನಾನು ರಾತ್ರಿ ಚೊಂಬು ಹಿಡಿದು ಕಳ್ಳಿಯ ಹಾಗೆ ಓಡಾಡುವುದನ್ನ ಎರಡು ದಿನ ನೋಡಿದರು. ಮೂರನೇ ದಿನ ಕೇಳಿದರು.

"ಎಲ್ಲದಕ್ಕೂ ಒಂದೊಂದು ಗುಟುಕು ಹಾಕ್ತೀಯಲ್ಲವ್ವ. ಯಾವುದಾದ್ರೂ ಉಳೀತದಾ?"

ಉಳಿಯುತ್ತಿರಲಿಲ್ಲ. ಗುಲಾಬಿ ಎರಡು ಆಗಲೇ ಕಡ್ಡಿಯಾಗಿದ್ದವು. ಫರ್ನ್ ಮುಟ್ಟಿದರೆ ಪುಡಿ. ಬೆರಳು ಚುಚ್ಚಿ ನೋಡಿದರೆ ಮೇಲಿನ ಅರ್ಧ ಇಂಚು ಒದ್ದೆ, ಕೆಳಗೆಲ್ಲ ಒಣ. ದಿನಾ ಚೂರುಚೂರು ನೀರು ಹಾಕಿದರೆ ಆಗುವುದೇ ಹೀಗೆ. ಬೇರು ನೀರಿರುವ ಕಡೆ ಹೋಗುತ್ತೆ, ಅಂದರೆ ಮೇಲಕ್ಕೆ ಬರುತ್ತೆ. ಮೇಲಿನ ಮಣ್ಣು ಬಿಸಿಲಿಗೆ ಮೊದಲು ಕಾಯುತ್ತೆ. ನಾನು ಕರುಣೆಯಿಂದ ಹಾಕಿದ ಒಂದೊಂದು ಗುಟುಕೂ ಗಿಡವನ್ನ ಇನ್ನಷ್ಟು ದುರ್ಬಲ ಮಾಡುತ್ತಿತ್ತು.

"ಕೆಲವನ್ನ ಬಿಡಬೇಕು ಅಂತ ಗೊತ್ತಪ್ಪ" ಅಂದೆ. "ಯಾವುದನ್ನ ಬಿಡೋದು ಅಂತ ಗೊತ್ತಾಗ್ತಿಲ್ಲ."

ಹೇಳಿದ ಮೇಲೆ ನನಗೇ ನನ್ನ ಮಾತು ಕೇಳಿಸಿತು. ಅಪ್ಪನಿಗೂ ಕೇಳಿಸಿರಬೇಕು. ಕಪ್ಪು ಕನ್ನಡಕದ ಹಿಂದೆ ಅವರು ಎಲ್ಲಿ ನೋಡುತ್ತಿದ್ದರೋ ಗೊತ್ತಾಗಲಿಲ್ಲ. ಮೂವತ್ತೆರಡು ಕುಂಡ, ನಾಲ್ಕು ವರ್ಷದ ಹವ್ಯಾಸ, ಸಾಲವಿಲ್ಲ, ಹೊಟ್ಟೆಪಾಡಲ್ಲ. ನನಗೇ ಹೀಗಾದರೆ ಇಪ್ಪತ್ತು ವರ್ಷ ಸಾಕಿದ ಸಾವಿರ ಮರದಲ್ಲಿ ಐನೂರಕ್ಕೆ ಸಾಯಿ ಅನ್ನೋದು ಹೇಗೆ?

ಬಹಳ ಹೊತ್ತಿನ ಮೇಲೆ ಅಪ್ಪ ಅಂದರು: "ಗಿಡ ನೋಡ್ತಾ ಕುಂತ್ರೆ ಯಾವುದನ್ನೂ ಬಿಡಾಕಾಗಲ್ಲ. ನಿಂತಾವ ದಿನಕ್ಕೆ ಎಷ್ಟು ನೀರೈತೆ? ಮೊದ್ಲು ಅದನ್ನ ಅಳತೆ ಮಾಡು. ನಾನು ಮರ ಎಣಿಸ್ದೆ ಕಣವ್ವ, ನೀರು ಅಳೀಲಿಲ್ಲ."

ಅಷ್ಟೇ ಹೇಳಿದ್ದು. ನಾನು ಅಡುಗೆಮನೆಗೆ ಹೋಗಿ ಅಳತೆಯ ಜಗ್ ತಂದೆ.

ಒಂದು ವಾರ ಅಳೆದೆವು. ನಲ್ಲಿ ತಿರುಗಿಸದೆ, ಮನೆಯಲ್ಲಿ ಹೇಗಿದ್ದರೂ ಚೆಲ್ಲಿಹೋಗುವ ನೀರು ಮಾತ್ರ. ಅಕ್ಕಿ ಬೇಳೆ ತೊಳೆದದ್ದು, ತರಕಾರಿ ಸೊಪ್ಪು ತೊಳೆದದ್ದು ದಿನಕ್ಕೆ ನಾಲ್ಕು ಲೀಟರ್. ಸ್ನಾನಕ್ಕೆ ಬಿಸಿನೀರು ಬರುವ ತನಕ ಸುಮ್ಮನೆ ಹರಿದುಹೋಗುತ್ತಿದ್ದ ತಣ್ಣೀರು, ಬಕೆಟ್ ಇಟ್ಟು ಹಿಡಿದರೆ ಮೂರು ಲೀಟರ್. ಒಟ್ಟು ಏಳು. ಆರ್‌ಓ ಫಿಲ್ಟರಿನ ವೇಸ್ಟ್ ನೀರನ್ನ ಲೆಕ್ಕಕ್ಕೆ ಸೇರಿಸಲಿಲ್ಲ, ಅದರಲ್ಲಿ ಉಪ್ಪಿನಂಶ ಜಾಸ್ತಿ. ನೆಲದಲ್ಲಾದರೆ ಮಳೆಗೆ ತೊಳೆದುಹೋಗುತ್ತೆ, ಕುಂಡದಲ್ಲಿ ಶೇಖರವಾಗಿ ಮಣ್ಣಿನ ಮೇಲೆ ಬಿಳಿ ಪದರ ಕಟ್ಟುತ್ತೆ. ಅದು ನೆಲ ಒರೆಸೋಕೆ ಹೋಯ್ತು. ಸೋಪಿನ ನೀರನ್ನೂ ಮುಟ್ಟಲಿಲ್ಲ.

ಇನ್ನೊಂದು ಕಡೆ ಖರ್ಚು. ಪೈಪಿನ ಕಾಲದಲ್ಲಿ ಕುಂಡಕ್ಕೆ ಸರಾಸರಿ ಮುಕ್ಕಾಲು ಲೀಟರ್ ಅಂತ ಇಟ್ಟುಕೊಂಡರೂ 32 ಕುಂಡಕ್ಕೆ ದಿನಕ್ಕೆ 24 ಲೀಟರ್. ತಿಂಗಳಿಗೆ 720. ನನ್ನ ಆದಾಯ ಏಳು, ಖರ್ಚು ಇಪ್ಪತ್ನಾಲ್ಕು. ಇಷ್ಟು ದಿನ ಇಎಂಐ ಮೇಲೆ ತೋಟ ನಡೆಸ್ತಿದ್ದೆ ಅನ್ನಿ.

ಆಮೇಲೆ ಕೆಲಸ ಸುಲಭವಾಯ್ತು ಅಂತ ಹೇಳಲ್ಲ, ಆದರೆ ಪ್ರಶ್ನೆ ಬದಲಾಯ್ತು. ಯಾವ ಗಿಡ ನನಗೆ ಇಷ್ಟ ಅನ್ನೋದು ಹೋಗಿ, ಏಳು ಲೀಟರಿನಲ್ಲಿ ಯಾವ್ಯಾವ ಗಿಡ ಬದುಕುತ್ತೆ ಅನ್ನೋದು ಬಂತು. ಬದುಕಿದ್ದ ನಾಲ್ಕು ಗುಲಾಬಿ, ದಾಸವಾಳ ಜಯನಗರದ ಗೆಳತಿಯ ಮನೆಗೆ ಹೋದವು, ಅವರ ಹಿತ್ತಿಲಲ್ಲಿ ಇನ್ನೂ ನೀರಿರುವ ಹಳೇ ತೆರೆದ ಬಾವಿ ಇದೆ. ಪೀಸ್ ಲಿಲಿಗಳು ಕೆಳಗೆ ಸೆಕ್ಯುರಿಟಿ ರೂಮಿನ ನೆರಳಿಗೆ. ಫರ್ನ್ ಕಾಂಪೋಸ್ಟಿಗೆ. ಹೈಡ್ರೇಂಜಿಯವನ್ನ ಯಾರೂ ತಗೊಳ್ಳಲಿಲ್ಲ. ಅದಕ್ಕೆ ನೀರು ನಿಲ್ಲಿಸಿದ ನಾಲ್ಕು ದಿನ ನಾನು ಬಾಲ್ಕನಿಯ ಆ ಮೂಲೆ ನೋಡಲಿಲ್ಲ. ಐದನೇ ದಿನ ಅಪ್ಪ ಏನೂ ಹೇಳದೆ ನನ್ನ ಗಂಡನ ಕೈಲಿ ಅದನ್ನ ತೆಗೆಸಿಟ್ಟಿದ್ದರು.

ಖಾಲಿ ಜಾಗಕ್ಕೆ ಏನು ಬಂತು ಅಂತ ಹೇಳ್ತೀನಿ. ನೀವೂ ಮಾಡೋದಾದರೆ ಉಪಯೋಗಕ್ಕೆ ಬರಬಹುದು.

ಹೆಚ್ಚಿನವು ದುಡ್ಡು ಕೊಟ್ಟು ತಂದದ್ದಲ್ಲ. ಟೇಬಲ್ ರೋಸ್ ಕಡ್ಡಿಗಳು ಪಕ್ಕದ ಬೀದಿಯ ಅಜ್ಜಿಯೊಬ್ಬರ ಕಾಂಪೌಂಡಿನಿಂದ ಬಂದವು, ಎರಡು ಇಂಚಿನ ತುಂಡು ಚುಚ್ಚಿದರೆ ಹತ್ತಿಕೊಳ್ಳುತ್ತೆ. ಲೋಳೆಸರ, ಸ್ನೇಕ್ ಪ್ಲಾಂಟ್, ದೊಡ್ಡಪತ್ರೆ ಆಗಲೇ ಮೂಲೆಯಲ್ಲಿ ಅನಾಥವಾಗಿ ಬಿದ್ದಿದ್ದವು. ನಾಲ್ಕು ವರ್ಷ ನಾನು ತಿರುಗಿ ನೋಡದಿದ್ದರೂ ಬದುಕಿದ್ದ ಗಿಡಗಳವು. ಮಂಗರವಳ್ಳಿಯನ್ನ ಅಮ್ಮ ಊರಿಂದ ಬಸ್ಸಿನಲ್ಲಿ ಕಳಿಸಿದರು, ಎಳೆ ಕಾಂಡದ ಚಟ್ನಿ ಮಾಡ್ತೀವಿ. ನಿತ್ಯಪುಷ್ಪ ಫುಟ್‌ಪಾತಿನ ಬಿರುಕಿನಿಂದ ಕಿತ್ತು ತಂದದ್ದು. ದುಡ್ಡು ಕೊಟ್ಟದ್ದು ಎರಡು ಅಡೇನಿಯಂ, ಒಂದು ಕಾಗದದ ಹೂವಿಗೆ ಮಾತ್ರ. ಅಡೇನಿಯಂ ನಮ್ಮ ಕಣಗಿಲೆ ಜಾತಿಯದ್ದೇ, ಅದರ ಹಾಲು ವಿಷ. ಮನೆಯಲ್ಲಿ ಮಕ್ಕಳು, ಬೆಕ್ಕು ಇದ್ದರೆ ಎತ್ತರದಲ್ಲಿಡಿ.

ಇನ್ನೊಂದು ಕಾಡುಬಸಳೆ. ಎಲೆಯನ್ನ ಪುಸ್ತಕದಲ್ಲಿಟ್ಟರೆ ಅಂಚಿನಲ್ಲೇ ಮರಿಗಿಡ ಬರುತ್ತಲ್ಲ, ಅದು. ಈ ಗಿಡದ ಬಗ್ಗೆ ಓದುವಾಗ ಒಂದು ವಿಷಯ ಸಿಕ್ಕಿ ಖುಷಿಯಾಯ್ತು. ಟಿಪ್ಪು ಪತನದ ನಂತರ ಕೆಲಕಾಲ ಲಾಲ್‌ಬಾಗ್ ನೋಡಿಕೊಂಡಿದ್ದ ಬೆಂಜಮಿನ್ ಹೇನ್ ಎಂಬ ಸಸ್ಯಶಾಸ್ತ್ರಜ್ಞ 1813ರಲ್ಲಿ ಒಂದು ಪತ್ರ ಬರೆದ. ಇದರ ಎಲೆ ಬೆಳಿಗ್ಗೆ ಹುಳಿಯಾಗಿರುತ್ತೆ, ಮಧ್ಯಾಹ್ನದ ಹೊತ್ತಿಗೆ ಸಪ್ಪೆಯಾಗುತ್ತೆ ಅಂತ. ಕಾರಣ ಆಮೇಲೆ ಗೊತ್ತಾಯ್ತು. ಬಹಳಷ್ಟು ಗಿಡಗಳು ಹಗಲಲ್ಲಿ ಎಲೆಯ ಸಣ್ಣ ರಂಧ್ರ ತೆರೆದು ಗಾಳಿ ತಗೊಳ್ಳುತ್ತವೆ, ಅದೇ ಬಾಗಿಲಿನಿಂದ ನೀರು ಆವಿಯಾಗಿ ಹೋಗುತ್ತೆ. ಈ ಗಿಡ ಹಗಲೆಲ್ಲ ಬಾಗಿಲು ಮುಚ್ಚಿಕೊಂಡು, ತಣ್ಣಗಾದ ಮೇಲೆ ರಾತ್ರಿ ತೆರೆಯುತ್ತೆ. ರಾತ್ರಿ ತಗೊಂಡ ಇಂಗಾಲದ ಡೈಆಕ್ಸೈಡನ್ನ ಆಮ್ಲದ ರೂಪದಲ್ಲಿ ಕೂಡಿಟ್ಟು ಮಾರನೇ ದಿನ ಬಿಸಿಲು ಬಂದಾಗ ಖರ್ಚು ಮಾಡುತ್ತೆ. ಲೋಳೆಸರ, ಸ್ನೇಕ್ ಪ್ಲಾಂಟ್ ಇವೂ ಇದೇ ಪಂಗಡ. ನಾನು ಬೆಳಿಗ್ಗೆ ಆರಕ್ಕೆ ಒಂದು ಚೂರು, ಮಧ್ಯಾಹ್ನ ಒಂದಕ್ಕೆ ಒಂದು ಚೂರು ನಾಲಿಗೆಗೆ ತಾಗಿಸಿ ಉಗಿದೆ. ಹೇನ್ ಹೇಳಿದ್ದು ನಿಜ. ನೀವು ತಿನ್ನೋಕೆ ಹೋಗಬೇಡಿ, ಜಾಸ್ತಿ ತಿಂದರೆ ಒಳ್ಳೇದಲ್ಲ.

ಗಿಡಕ್ಕಿಂತ ಮುಖ್ಯವಾದದ್ದು ಮಣ್ಣು ಮತ್ತು ಕುಂಡ. ನನ್ನ ಹಳೇ ಕುಂಡಗಳೆಲ್ಲ ಬರೀ ಕೋಕೋಪೀಟ್ ತುಂಬಿದವು. ಹಗುರ, ನೀರು ಹಿಡಿಯುತ್ತೆ, ಎಲ್ಲ ಸರಿ. ಆದರೆ ಒಮ್ಮೆ ಪೂರ್ತಿ ಒಣಗಿದರೆ ಮತ್ತೆ ನೀರು ಕುಡಿಯಲು ಹಟ ಮಾಡುತ್ತೆ. ಹಾಕಿದ ನೀರು ಬದಿಯ ಸಂದಿಯಿಂದ ಜಾರಿ ಕೆಳಗಿನ ತೂತಿನಿಂದ ಬಂದುಬಿಡುತ್ತೆ, ನಡುವಿನ ಬೇರಿಗೆ ಹನಿಯೂ ಸಿಗಲ್ಲ. ಕೆಂಪು ಮಣ್ಣು ಒಂದು ಪಾಲು, ಕಾಂಪೋಸ್ಟ್ ಒಂದು ಪಾಲು, ದಪ್ಪ ಮರಳು ಮತ್ತು ಕುಟ್ಟಿದ ಇಟ್ಟಿಗೆ ಚೂರು ಎರಡು ಪಾಲು ಸೇರಿಸಿ ರಸಭರಿತ ಗಿಡಗಳಿಗೆ ಹಾಕಿದೆ. ಮಿಕ್ಕವಕ್ಕೆ ಮರಳು ಕಡಿಮೆ, ಕಾಂಪೋಸ್ಟ್ ಜಾಸ್ತಿ. ಕುಂಡದ ತಳದಲ್ಲಿ ಕಲ್ಲು ಹಾಕಿದರೆ ನೀರು ಚೆನ್ನಾಗಿ ಇಳಿಯುತ್ತೆ ಅಂತ ಎಲ್ಲರೂ ಹೇಳ್ತಾರೆ. ಉಲ್ಟಾ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಕಲ್ಲಿನ ಸಂದಿಗೆ ನೀರು ಸುಲಭವಾಗಿ ಇಳಿಯಲ್ಲ, ಕಲ್ಲಿನ ಮೇಲೆ ಮಣ್ಣು ಜೌಗಾಗಿ ನಿಲ್ಲುತ್ತೆ. ತೂತಿನ ಮೇಲೆ ಒಂದು ತುಂಡು ಸೊಳ್ಳೆ ಪರದೆ ಸಾಕು.

ಮಣ್ಣಿನ ಕುಂಡ ತಂಪು ಅಂತ ನಾನು ನಂಬಿದ್ದೆ. ತಂಪು ಹೌದು, ಯಾಕೆಂದರೆ ಅದರ ಗೋಡೆಯಿಂದ ನೀರು ಆವಿಯಾಗುತ್ತಿರುತ್ತೆ. ಬೇರು ಕೊಳೆಯುವ ಭಯವಿರುವ ಅಡೇನಿಯಮ್ಮಿಗೆ ಅದು ಒಳ್ಳೆಯದು, ನೀರು ಉಳಿಸಬೇಕಾದ ಕರಿಬೇವಿಗಲ್ಲ. ಹಾಗಾಗಿ ಕರಿಬೇವು ಪ್ಲಾಸ್ಟಿಕ್ ಕುಂಡದಲ್ಲಿ, ಆ ಪ್ಲಾಸ್ಟಿಕ್ ಕುಂಡ ದೊಡ್ಡ ಮಣ್ಣಿನ ಕುಂಡದೊಳಗೆ. ಬಿಸಿಲು ಹೊರಗಿನದ್ದಕ್ಕೆ ಬಡಿಯುತ್ತೆ, ಒಳಗಿನ ಬೇರು ಕಾಯಲ್ಲ. ಎಲ್ಲ ಕುಂಡಗಳನ್ನೂ ಒತ್ತೊತ್ತಾಗಿ ಇಟ್ಟು, ಬಿಸಿಲು ತಡೆಯುವ ಕಾಗದದ ಹೂವನ್ನ ಪಶ್ಚಿಮದ ಅಂಚಿಗೆ ನಿಲ್ಲಿಸಿದೆ. ಮಣ್ಣಿನ ಮೇಲೆ ತೆಂಗಿನ ನಾರು, ಒಣ ಎಲೆಯ ಹೊದಿಕೆ.

ಕೊನೆಗೆ ಕುಡಿಕೆ. ಕರಿಬೇವು ಮತ್ತು ದುಂಡುಮಲ್ಲಿಗೆ ಎರಡನ್ನ ಮಾತ್ರ ನಾನು ಬಿಡಲು ತಯಾರಿರಲಿಲ್ಲ. ಮಲ್ಲಿಗೆ ಅಮ್ಮನ ಬಳ್ಳಿಯ ಕವಲು. ಅಪ್ಪ ಕೂತಲ್ಲಿಂದಲೇ, "ಮಣ್ಣಿನ ಕುಡಿಕೆ ತರಿಸು, ಬಣ್ಣ ಹಚ್ಚಿರದು ಬ್ಯಾಡ" ಅಂದರು. ಊರಲ್ಲಿ ಸಸಿ ನೆಟ್ಟ ಮೊದಲ ಬೇಸಿಗೆ ಪಕ್ಕದಲ್ಲಿ ಮಡಕೆ ಹೂತು ನೀರು ತುಂಬಿಡುತ್ತಿದ್ದರಂತೆ. ಕುಂಡದ ನಡುವೆ ಕುಡಿಕೆಯನ್ನ ಕತ್ತಿನ ತನಕ ಹೂತು, ನೀರು ತುಂಬಿ, ಮೇಲೆ ಮುಚ್ಚಳ. ಸುತ್ತಲ ಮಣ್ಣು ಒಣಗಿದಷ್ಟೂ ಕುಡಿಕೆ ಜಿನುಗುತ್ತೆ, ಮಣ್ಣು ಒದ್ದೆಯಿದ್ದರೆ ನಿಧಾನವಾಗುತ್ತೆ. ಟೈಮರ್ ಬೇಡ, ಆಪ್ ಬೇಡ. ಮೂರು ವಾರದ ಮೇಲೆ ಕುತೂಹಲಕ್ಕೆ ಸ್ವಲ್ಪ ಕೆದಕಿ ನೋಡಿದೆ, ಮಲ್ಲಿಗೆಯ ಬಿಳಿ ಬೇರುಗಳು ಕುಡಿಕೆಯನ್ನ ತಬ್ಬಿಕೊಂಡಿದ್ದವು.

ಈಗಿನ ಬಜೆಟ್ ಹೀಗಿದೆ. ವಾರಕ್ಕೊಮ್ಮೆ ನೀರು ಸಾಕೆನ್ನುವ 12 ಕುಂಡ, ಒಂದೊಂದಕ್ಕೆ ಒಂದು ಲೀಟರ್, ಒಟ್ಟು 12. ವಾರಕ್ಕೆರಡು ಸಲ ಬೇಕೆನ್ನುವ ಐದು ಕುಂಡ, 10. ಕುಡಿಕೆಯ ಎರಡು ಕುಂಡಕ್ಕೆ ದಿನಕ್ಕೆ ಒಂದೂವರೆ ಲೀಟರಿನಂತೆ 21. ವಾರಕ್ಕೆ ಒಟ್ಟು 43 ಲೀಟರ್. ಕೈಯಲ್ಲಿರೋದು 49. ಆರು ಲೀಟರ್ ಉಳಿತಾಯ ಖಾತೆ, ನೆಂಟರು ಬಂದು ಹೋಟೆಲ್ ಊಟ ಮಾಡಿದ ವಾರಕ್ಕೆ. ಒಟ್ಟು 19 ಕುಂಡ. ನೀರು ಹಾಕುವ ದಿನ ತಳದಿಂದ ಹನಿ ಬರುವ ತನಕ ಹಾಕೋದು, ಆಮೇಲೆ ಮುಟ್ಟದಿರೋದು. ಅನುಮಾನ ಬಂದರೆ ಕುಂಡ ಎತ್ತಿ ನೋಡೋದು, ಒಣಗಿದ್ದರೆ ಹಗುರ.

ಅಪ್ಪ ಓಟು ಹಾಕೋಕೆ ಊರಿಗೆ ಹೋದರು. ಹೊರಡುವ ದಿನ ಕಾಡುಬಸಳೆಯ ಒಂದು ಎಲೆ ಕಿತ್ತು ಅಂಗಿ ಜೇಬಿಗೆ ಹಾಕಿಕೊಂಡರು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಏಪ್ರಿಲ್ 28ಕ್ಕೆ ಬೆಂಗಳೂರಿನಲ್ಲಿ 38.5 ಡಿಗ್ರಿ. ಆ ತಿಂಗಳು ನಗರಕ್ಕೆ ಒಂದು ಹನಿ ಮಳೆ ಬರಲಿಲ್ಲ. ಆ ಬಿಸಿಲಲ್ಲಿ ನನ್ನ ಬಾಲ್ಕನಿಯಲ್ಲಿ ಟೇಬಲ್ ರೋಸ್ ಮದುವೆಮನೆಯ ಹಾಗೆ ಅರಳಿತ್ತು. ಅಡೇನಿಯಂ ಎಲೆಯುದುರಿಸಿ ಸುಮ್ಮನೆ ಕೂತಿತ್ತು, ಗಾಬರಿಯಾಗಿ ಫೋಟೋ ಕಳಿಸಿದೆ. "ಬುಡ ಒತ್ತಿ ನೋಡು, ಗಟ್ಟಿ ಐತಲ್ಲ, ಬುಡು" ಅಂದರು ಅಪ್ಪ.

ಇಲ್ಲಿಗೆ ಮುಗಿಸಿದರೆ ನಾನು ಗೆದ್ದ ಹಾಗೆ ಕಾಣುತ್ತೆ. ಆದರೆ ಜೂನ್ 2ರ ಸಂಜೆ ಮಳೆ ಬಂತು. ಎಂಥ ಮಳೆ ಅಂದರೆ ಒಂದೇ ದಿನ 111.1 ಮಿಲಿಮೀಟರ್, ಜೂನ್ ತಿಂಗಳಿನಲ್ಲಿ ಬೆಂಗಳೂರು ನೂರು ವರ್ಷಕ್ಕೂ ಮೇಲ್ಪಟ್ಟು ಕಾಣದ ಮಳೆ. ನಾನು ಕಿಟಕಿಯಲ್ಲಿ ನಿಂತು ಕುಣಿಯುತ್ತಿದ್ದೆ. ಇರಿಚಲು ಬಾಲ್ಕನಿಯ ಒಳತನಕ ಬಂತು. ಹನಿ ಹನಿ ಲೆಕ್ಕ ಹಾಕಿದವಳಿಗೆ ಪುಕ್ಕಟೆ ನೀರು ಸಿಕ್ಕಿದರೆ ಕುಂಡ ಒಳಗಿಡುವ ಮನಸ್ಸು ಬರುತ್ತಾ? ಕುಂಡದ ಕೆಳಗಿನ ತಟ್ಟೆಗಳನ್ನೂ ತೆಗೆಯಲಿಲ್ಲ. ಮಾರ್ಚ್‌ನಲ್ಲಿ ಕದ್ದು ನೀರು ಹಾಕೋಕೆ ಇಟ್ಟ ಅದೇ ತಟ್ಟೆಗಳು. ಮೂರ್ನಾಲ್ಕು ದಿನ ಬೇರುಗಳು ಆ ನೀರಲ್ಲಿ ನಿಂತವು. ಹತ್ತು ದಿನಕ್ಕೆ ಒಂದು ಅಡೇನಿಯಂನ ಬುಡ ಒತ್ತಿದರೆ ಹಣ್ಣಾದ ಬಾಳೆಹಣ್ಣಿನ ಹಾಗೆ ಮೆತ್ತಗೆ. ಲೋಳೆಸರ ಎರಡು ಕೊಳೆತವು. 38.5 ಡಿಗ್ರಿ ತಡೆದ ಗಿಡ ನನ್ನ ಸಂಭ್ರಮವನ್ನ ತಡೆಯಲಿಲ್ಲ. ಬರಕ್ಕೆ ಹೊಂದಿಕೊಂಡ ಗಿಡ ಸಾಕುವವರು ಮಳೆಗಾಲದಲ್ಲಿ ತಟ್ಟೆ ತೆಗೆಯಬೇಕು, ಇರಿಚಲಿನಿಂದ ಸರಿಸಬೇಕು. ದುಡ್ಡು ಕೊಟ್ಟು ಕಲಿತ ಪಾಠ, ನಿಮಗೆ ಫ್ರೀ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅಡೇನಿಯಂ ಹೋದದ್ದು ಹೇಳಿದೆ. ಹೇಳ್ತಾ ಹೇಳ್ತಾ, "ಅವತ್ತು ಅರ್ಧ ತೋಟ ಅಂತ ಅಂದಿದ್ದೆನಲ್ಲಪ್ಪ..." ಅಂದೆ. ಮುಂದೆ ಹೇಗೆ ಹೇಳಬೇಕೋ ಗೊತ್ತಾಗಲಿಲ್ಲ.

"ನೀನು ಹೇಳಿದ್ದು ಲೆಕ್ಕದಾಗೆ ಸರೀನೇ ಇತ್ತು" ಅಂದರು ಅಪ್ಪ.

"ಲೆಕ್ಕದಲ್ಲಿ" ಅಂದೆ ನಾನು.

ಅಪ್ಪ ನಕ್ಕರು. ಹೊಳಲ್ಕೆರೆಯಲ್ಲೂ ಮಳೆಯಾಗಿತ್ತಂತೆ, ರಾಗಿಗೆ ಹೊಲ ಹದ ಮಾಡ್ತಿದ್ದರಂತೆ.

ಅಕ್ಟೋಬರ್ 16ಕ್ಕೆ ಕಾವೇರಿ ಐದನೇ ಹಂತ ಉದ್ಘಾಟನೆಯಾಯ್ತು, ದಿನಕ್ಕೆ 77 ಕೋಟಿ ಲೀಟರಿಗೂ ಹೆಚ್ಚು ನೀರು ನಗರಕ್ಕೆ ಹೊಸದಾಗಿ ಬರುತ್ತೆ ಅಂದರು. ನಮ್ಮ ನಲ್ಲಿಗಳಲ್ಲಿ ಮತ್ತೆ ಇಡೀ ದಿನ ನೀರು. ವಾಟ್ಸಾಪ್ ಗುಂಪಿನಲ್ಲಿ ಕಾರ್ ವಾಷಿಂಗ್ ಹುಡುಗನ ನಂಬರ್ ಕೇಳೋದು ಶುರುವಾಗಿದೆ. ಆ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪಿನ ಮೇಲೆ ಪಂಪ್ ಹಾಕಿ ಎತ್ತಿ ತಂದದ್ದು. ನರ್ಸರಿ ಮುಂದೆ ಹಾದುಹೋಗುವಾಗ ಹೈಡ್ರೇಂಜಿಯದ ನೀಲಿ ಗೊಂಚಲು ಕಂಡರೆ ಈಗಲೂ ಗಾಡಿ ಸ್ಲೋ ಮಾಡ್ತೀನಿ. ನಿಲ್ಲಿಸಲ್ಲ. ಅಡುಗೆಮನೆಯ ಸಿಂಕಿನ ಕೆಳಗೆ ಬಕೆಟ್ ಹಾಗೇ ಇದೆ, ಅಳತೆಯ ಜಗ್ಗೂ.

ಮೊನ್ನೆ ಅಮ್ಮ ವಿಡಿಯೋ ಕಾಲ್ ಮಾಡಿದ್ದಾಗ ಹೊಲದ ಬದು ತೋರಿಸಿದರು. ಹಳೇ ಬೋರಿನ ಕೇಸಿಂಗ್ ಪೈಪಿನ ಪಕ್ಕ ಮೊಣಕಾಲೆತ್ತರಕ್ಕೆ ಕಾಡುಬಸಳೆ ಪೊದೆ. "ನಿಮ್ಮಪ್ಪ ಒಂದು ಎಲೆ ತಂದಿದ್ರು" ಅಂದರು. "ಅದಕ್ಕೆ ಯಾರೂ ನೀರು ಹಾಕಿಲ್ಲ ಕಣೆ."